ಆರುನೂರಾ ಎಪ್ಪತ್ತಾರು

ವೇಮಗಲ್ಲಿನ ಕಾರ್ಖಾನೆಯಲ್ಲಿ ಸಂಬಳದ ಗುಮಾಸ್ತ ನಾನು.
ನನ್ನ ಗಾಜಿಗೆ ಅಂಗೈಯಗಲದ ಕಿಂಡಿ. ಅದರಲ್ಲಿ
ಒಂದು ಸಲಕ್ಕೆ ಅರ್ಧ ಮುಖ, ಇಲ್ಲವೇ ಒಂದು ಕೈ, ಒಂದು ಚೀಟಿ.
ಜೂನಿನಲ್ಲಿ ಮಾತ್ರ ಚೀಟಿ ಮೂರಾಗುತ್ತವೆ:
ತಿಂಗಳ ಪಗಾರದ್ದು, ಇಂಕ್ರಿಮೆಂಟಿನದು, ಫಾರಂ ಹದಿನಾರು.

ವೈರು ಹೆಣೆಯುವ ಲೈನಿನ ಅಲವೇಲಮ್ಮ
ಮೂರನ್ನೂ ವೀಳ್ಯದೆಲೆಯ ಹಾಗೆ ಒಂದರ ಮೇಲೊಂದಿಟ್ಟು
ಅಂಚು ಸರಿಮಾಡಿ ಕೇಳಿದಳು:
'ಸಾ, ನನ್ನ ಆರೋಗ್ಯಕ್ಕೆ ಕಂಪನಿ ಹಾಕಿದ್ದು ಅಂತ
ಈ ಕಾಗ್ದದಾಗೆ ಎಂಟು ಸಾವಿರದ ನೂರಾ ಹನ್ನೆರಡು ಐತೆ.
ಈ ತೆರಿಗೆ ಕಾಗ್ದದಾಗೆ ಯಾಕಿಲ್ಲ?
ನಡುವೆ ಯಾರು ತಿಂದ್ರು?'

ಯಾರೂ ತಿಂದಿಲ್ಲ ಅಂದೆ.
ತಿಂಗಳಿಗೆ ಕಂಪನಿಯದು ಆರುನೂರಾ ಎಪ್ಪತ್ತಾರು,
ನಿಮ್ಮದು ನೂರೈವತ್ತಾರು, ಕೂಡಿ ಇ.ಎಸ್.ಐ.ಗೆ ಹೋಗುತ್ತದೆ.
ನಿಮ್ಮದು ಲೆಕ್ಕದಲ್ಲಾದರೂ ಕೈಗೆ ಬಂದು ಹೋದದ್ದು.
ಅವರದು ಕೈಗೆ ಬರಲೇ ಇಲ್ಲ. ಹಾಗಾಗಿ
ಅದು ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ,
ತೆರಿಗೆಯ ಹಾಳೆಯಲ್ಲಿ ಜಾಗವೂ ಇಲ್ಲ.

'ನಂದಲ್ಲ ಅಂದ್ಮೇಲೆ ನನ್ನ ಹೆಸರಿನ ಕೆಳಗ್ಯಾಕೆ ಬರೆದ್ರಿ?'

ನನ್ನ ಬಿ.ಕಾಂ.ನಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಕಂಪನಿಗೆ ನೀವು ಎಷ್ಟು ಬೀಳುತ್ತೀರೋ, ಅದರ ಲೆಕ್ಕ ಅದು, ಅಂದೆ.
ಅಂದು ನಾಲಿಗೆ ಕಚ್ಚಿಕೊಂಡೆ.
ಕೋಲಾರದ ಮಂಡಿಯಲ್ಲಿ
ಟೊಮೆಟೊ ಕ್ರೇಟಿನ ಮುಂದೆ ನಿಂತು ಆಡುವ ಮಾತು.
ಅವಳು ನಕ್ಕಳು. 'ಎಷ್ಟಕ್ಕೆ ಬಿದ್ದೀನಿ, ಒಟ್ಟು ಹೇಳಿ.'

ಒಟ್ಟು ಹೇಳಲಿಲ್ಲ. ಇಂಕ್ರಿಮೆಂಟಿನ ಪತ್ರ ಬಿಡಿಸಿದೆ.
ಇಪ್ಪತ್ತು ಸಾವಿರದ ಎಂಟುನೂರು ಇದ್ದದ್ದು
ಇಪ್ಪತ್ತೊಂದು ಸಾವಿರದ ನಾನೂರು.
ಕಾನೂನು ಗೆರೆ ಎಳೆದದ್ದು ಇಪ್ಪತ್ತೊಂದಕ್ಕೆ.
ಮೇಕೆಮರಿಯ ಕಂಕುಳಿಗೆ ಕೈಹಾಕಿ ಬೇಲಿ ದಾಟಿಸುವಂತೆ
ಆರುನೂರು ರೂಪಾಯಿ ಅವಳನ್ನೆತ್ತಿ ಆಚೆ ಇಟ್ಟಿತ್ತು.
ಅಕ್ಟೋಬರಿನಿಂದ ಇ.ಎಸ್.ಐ. ಇಲ್ಲ, ಗುಂಪು ವಿಮೆ.
ಕಂಪನಿ ಕಟ್ಟುವುದು ವರ್ಷಕ್ಕೆ ಮೂರು ಸಾವಿರದ ಎಂಟುನೂರ ಅರವತ್ತು.
ನೀವು, ನಿಮ್ಮ ಯಜಮಾನರು, ಇಬ್ಬರು ಮಕ್ಕಳು.

'ನಮ್ಮಮ್ಮ?'

ಪಾಲಿಸಿಯ ಹನ್ನೊಂದು ಪುಟ ಮಗುಚಿದೆ.
ತಂದೆತಾಯಿ ಎಂಬ ಪದ ಒಂದೇ ಕಡೆ ಸಿಕ್ಕಿತು,
'ಹೊರತುಪಡಿಸಿ' ಎಂಬುದರ ಪಕ್ಕದಲ್ಲಿ.

ಅವಳು ಬೆರಳ ಗಿಣ್ಣುಗಳ ಮೇಲೆ ಲೆಕ್ಕ ಹಾಕಿದಳು. ನನ್ನ ಕ್ಯಾಲ್ಕುಲೇಟರು
ಇನ್ನೂ ಸೊನ್ನೆಯಲ್ಲೇ ಇತ್ತು.
'ಏಳು ಸಾವಿರದ ಇನ್ನೂರು ಏರ್ಸವ್ರೆ. ನಾಕು ಸಾವಿರದ ಚಿಲ್ಲರೆ
ಅಮ್ಮನ ಕಡೆಯಿಂದ ಇಳ್ಸಿಕೊಂಡವ್ರೆ.'
ಹಿಂದಿನಿಂದ ಯಾರೋ, ಬೇಗ ಬಿಡಮ್ಮಾ, ಬಸ್ಸು ಹೋಗ್ತದೆ, ಅಂದರು.

ಆಗ ನೆನಪಾಯಿತು, ಯಾವ ಚೀಟಿಯಲ್ಲೂ ಇಲ್ಲದ ಒಂದು ಸಾಲು:
ಸೆಪ್ಟೆಂಬರಿನ ತನಕ ಕಟ್ಟಿದ್ದು
ಮುಂದಿನ ಜೂನಿನ ತನಕ ಕಾಯುತ್ತದೆ.
ನಿಯಮದಲ್ಲಿದೆ. ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.
ಅಮ್ಮನಿಗೆ ಏನಾದರೂ ಮಾಡಿಸುವುದಿದ್ದರೆ ಮಾಡಿಸಿಬಿಡಿ ಅಂದೆ,
ಕದ್ದು ಹೇಳುವವನ ಹಾಗೆ, ಕಿಂಡಿಗೆ ಬಾಯಿಟ್ಟು.
'ಎಡಗಣ್ಣು,' ಅಂದಳು. 'ಪೊರೆ. ಮೂರು ವರ್ಷದಿಂದ
ಅವರೇಕಾಯಿ ಸೀಸನ್ ಮುಗೀಲಿ ಅಂತಾಳೆ.'

ಫೆಬ್ರವರಿಯಲ್ಲಿ ಕಿಂಡಿಗೊಂದು ಕಪ್ಪು ಕನ್ನಡಕ ಬಂತು.
ಸರಿದು, ಅದರ ಹಿಂದಿನ ಕಣ್ಣೊಂದು ನನ್ನನ್ನು ನೋಡಿತು.
'ಇಷ್ಟು ಸಣ್ಣ ಗೂಡಿನಾಗೆ ಹೆಂಗಪ್ಪ ಉಸುರಾಡ್ತೀಯ?'
ಮಗಳ ಚೀಟಿಯನ್ನು ಕಸಿದು ದೂರ ಹಿಡಿದಳು, ಹತ್ತಿರ ತಂದಳು.
ಆರುನೂರಾ ಎಪ್ಪತ್ತಾರು ಇದ್ದ ಕಡೆ ಈಗ ಸೊನ್ನೆ.
ಮುದುಕಿಗೆ ಓದು ಬರದು.
'ಅಕ್ಷರ ಎಲ್ಲಾ ಎಷ್ಟು ಕಪ್ಪಗವೆ,' ಎಂದಳು.